ತೊಲೆಯ ಕೆಳಗೆ

"ಅವ್ವ, ಯಾರೋ ಒಬ್ಬರು ಒಂದು ತಪ್ಪು ಮಾಡಿದರು ಅಂತಿಟ್ಟುಕೊಳ್ಳಿ. ಅದು ಯಾರಿಗೂ ಗೊತ್ತಾಗಲಿಲ್ಲ. ಅದರಿಂದ ಯಾರಿಗೂ ಕೆಡುಕೂ ಆಗಲಿಲ್ಲ. ಆಗಲೂ ಅದನ್ನು ಬಾಯಿಬಿಟ್ಟು ಹೇಳಲೇಬೇಕೇ?" ಎಂದು ಸಂಗನಬಸ ಕೇಳಿದ.

ಮಠದ ಅವ್ವನವರು ಮೊರದಲ್ಲಿ ಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರು ಮಾಡಿದ ತಪ್ಪು?"

"ಯಾರೋ."

"ಆ ಯಾರೋ ನಿನ್ನ ಅಂಗಿಯನ್ನೇ ತೊಟ್ಟುಕೊಂಡಿದ್ದಾನೋ, ಇಲ್ಲಾ ಬೇರೆಯದೋ?"

ಶಿಷ್ಯ ತನ್ನ ಅಂಗಿಯ ಅಂಚು ಎಳೆದುಕೊಂಡ.

"ಹೋಗಲಿ, ನಿನ್ನದು ನನಗೆ ಬೇಡ. ಬೇರೆ ಮನೆಯದ್ದಾದರೆ ಹೇಳಲಿಕ್ಕೂ ರುಚಿ, ಕೇಳಲಿಕ್ಕೂ ರುಚಿ. ಕೂತುಕೋ," ಎಂದು ಅವ್ವನವರು ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ ಈ ಕತೆ ಹೇಳಿದರು.

ಸಮುದ್ರದ ಆಚೆ ಒಂದು ಗುಡ್ಡದ ಸೀಮೆ. ಅಲ್ಲಿ ಒಂದು ಊರು. ಆ ಊರಿನ ಮಕ್ಕಳಿಗೆ ಶಾಲೆ ಇತ್ತು, ಸೂರು ಇರಲಿಲ್ಲ. ಒಂದು ದೊಡ್ಡ ಬಂಡೆಯ ನೆರಳಿನಲ್ಲಿ ಕೂತು ಕಲಿಯುತ್ತಿದ್ದರು. ನೆರಳು ಸರಿದ ಹಾಗೆ ಮೇಷ್ಟರೂ ಮಕ್ಕಳೂ ಸರಿಯುತ್ತಿದ್ದರು.

ನಮ್ಮ ಕಡೆಯ ಒಂದು ಕಾಲೇಜಿನ ಕೆಲವು ವಿದ್ಯಾರ್ಥಿಗಳು ರಜೆಯಲ್ಲಿ ಅಲ್ಲಿಗೆ ಹೋದರು. ಊರವರ ಜೊತೆ ಕೈಜೋಡಿಸಿ ಒಂದು ತರಗತಿಯ ಕೋಣೆ ಕಟ್ಟಿಕೊಡುವುದು, ತಿರುಗಿ ಬರುವುದು. ಒಳ್ಳೆಯ ಕೆಲಸ. ಒಳ್ಳೆಯ ಕೆಲಸ ಅಂತ ಅವರ ಅಂಗಿಯ ಬೆನ್ನ ಮೇಲೇ ಅಚ್ಚು ಹಾಕಿಸಿಕೊಂಡಿದ್ದರು. ಕೈಗವಸು ತಂದಿದ್ದರು, ಟೊಪ್ಪಿಗೆ ತಂದಿದ್ದರು, ಬಿಸಿಲಿಗೆ ಮುಖ ಕಪ್ಪಾಗದ ಹಾಗೆ ಮುಲಾಮು ತಂದಿದ್ದರು. ಮಣ್ಣು ಮುಟ್ಟುವ ಮೊದಲೇ ಮಣ್ಣಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದರು.

ಅವರಲ್ಲಿ ಒಬ್ಬಳು ವ್ಯಾಪಾರಿಯ ಮಗಳು. ಕೆಟ್ಟವಳಲ್ಲ. ಬೆನ್ನು ಬಗ್ಗಿಸಿ ಕಲ್ಲು ಹೊತ್ತಳು, ನೀರು ಹೊತ್ತಳು. ಅಂಗೈ ಬೊಬ್ಬೆ ಎದ್ದರೂ ಬಾಯಿ ತೆರೆಯಲಿಲ್ಲ. ಅವಳ ಕಾಯಿಲೆ ಬೇರೆ. ಗುಂಪಿನ ಮುಂದಾಳು ಒಬ್ಬ ಡಾಕ್ಟರ ಮಗ. ಎತ್ತರದ ಹುಡುಗ, ಮಾತು ಬಲ್ಲವನು. ಅವನು ಅತ್ತ ಹೋದರೆ ಇವಳ ಕಣ್ಣು ಅತ್ತ, ಇತ್ತ ಬಂದರೆ ಇತ್ತ. ಅವನು ಗುದ್ದಲಿ ಹಿಡಿದರೆ ಇವಳು ಬುಟ್ಟಿ ಹಿಡಿಯಬೇಕು. ಆ ಊರಿನ ಹೆಂಗಸರಿಗೆ ಇವರ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಆದರೂ ನೀರಿನ ಕಡೆ ಕೊಡ ಇಟ್ಟುಕೊಂಡು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ಇದನ್ನು ತಿಳಿಯಲಿಕ್ಕೆ ಭಾಷೆ ಯಾಕೆ ಬೇಕು?

ಗೋಡೆ ಚೆನ್ನಾಗಿ ಎದ್ದಿತು. ಊರವರು ಮಣ್ಣು ಕಲಸಿ ಮೆತ್ತಿದರು, ವಿದ್ಯಾರ್ಥಿಗಳು ಹೊತ್ತು ತಂದು ಕೊಟ್ಟರು. ಅದರಲ್ಲಿ ಒಂದು ಕೊರತೆ ಇಲ್ಲ.

ಇನ್ನು ಬೇಕಾದದ್ದು ನಡುತೊಲೆ. ಆ ಸೀಮೆಯಲ್ಲಿ ಮರ ಕಡಿಮೆ. ಇರುವ ಮರಗಳು ಕುರಿ ಕಟ್ಟುವ ಗೂಟಕ್ಕೆ ಸಾಕು, ಸೂರಿಗೆ ಸಾಲದು. ಊರಿನ ಒಬ್ಬ ಮುದುಕಿ ಬಂದು ತನ್ನ ಮನೆಯ ತೊಲೆಯನ್ನು ಇಳಿಸಿಕೊಳ್ಳಿ ಎಂದಳು. ಒಂಟಿ ಮುದುಕಿ. ತಾನು ತಮ್ಮನ ಮನೆಯ ಅಡಿಗೆಕೋಣೆಯಲ್ಲಿ ಮಲಗುತ್ತೇನೆ ಎಂದಳು. ಇಬ್ಬರ ಭಾಷೆಯನ್ನೂ ಬಲ್ಲ ಮೇಷ್ಟರು ಅವಳ ಮಾತನ್ನು ವಿದ್ಯಾರ್ಥಿಗಳಿಗೆ ತಿಳಿಸಿದರು.

"ಇಷ್ಟು ಕಾಲ ತನ್ನ ತಲೆಯ ಮೇಲೆ ಇತ್ತಂತೆ. ಇನ್ನು ಮಕ್ಕಳ ತಲೆಯ ಮೇಲೆ ಇರಲಿ ಅನ್ನುತ್ತಾಳೆ."

ವ್ಯಾಪಾರಿಯ ಮಗಳ ಕಣ್ಣು ತುಂಬಿತು. ತೊಲೆ ಇಳಿಸಿ ತಂದಾಗ ಡಾಕ್ಟರ ಮಗ ಮುದುಕಿಯನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆದ.

ತೊಲೆ ಏರಿಸಲಿಕ್ಕೆ ಅಲ್ಲಿ ಒಂದು ಕ್ರಮ ಇತ್ತು. ಊರಿಗೆ ಊರೇ ಹಗ್ಗ ಹಿಡಿಯಬೇಕು. ಒಬ್ಬನು ಕೂಗಬೇಕು, ಉಳಿದವರು ಉಸಿರೆತ್ತದೆ ಎಳೆಯಬೇಕು. ಎಳೆಯುವಾಗ ಯಾರೂ ಯಾರ ಮುಖವನ್ನೂ ನೋಡಬಾರದು, ತೊಲೆಯನ್ನೇ ನೋಡಬೇಕು. ಉಂಡು ಬಂದು ಏರಿಸೋಣ ಎಂದು ಹೇಳಿ ಊರವರು ಮಧ್ಯಾಹ್ನದ ಊಟಕ್ಕೆ ಮನೆಗಳಿಗೆ ಹೋದರು.

ಆಗ ಡಾಕ್ಟರ ಮಗ ಹೇಳಿದ: "ಅವರು ಬರೋದರೊಳಗೆ ನಾವೇ ಏರಿಸಿಬಿಡೋಣ ಕಣ್ರೋ."

"ಅವರು ಕಾಯಿರಿ ಅಂದಿದ್ದಾರಲ್ಲ?" ಎಂದಳು ವ್ಯಾಪಾರಿಯ ಮಗಳು.

"ಏಯ್, ಯೋಚನೆ ಮಾಡೇ. ಇಲ್ಲಿ ತನಕ ತೆಗೆದ ಫೋಟೋದಲ್ಲೆಲ್ಲ ಅವರೇ ತುಂಬಿಕೊಂಡಿದ್ದಾರೆ. ತೊಲೆ ಏರಿಸುವಾಗಲೂ ಅವರೇ ಕಂಡರೆ, ನಾವು ಇಷ್ಟು ದೂರ ಬಂದು ಮಾಡಿದ್ದೇನು ಅಂತ ಕಾಲೇಜಿನಲ್ಲಿ ಕೇಳಲ್ವಾ? ಒಂದೇ ಒಂದು ಫೋಟೋ. ನಾವು ಮಾತ್ರ."

ಅವನು ಹೇಳಿದ ಮೇಲೆ ಅವಳು ಇಲ್ಲ ಅನ್ನುವುದುಂಟೇ? ಹಗ್ಗದ ಒಂದು ತುದಿ ಅವಳ ಕೈಗೆ ಬಂತು. ಉಳಿದವರು ಇನ್ನೊಂದು ಕಡೆ ಹಿಡಿದರು. ತೊಲೆ ಮೇಲೆ ಹೋಯಿತು. ಗೋಡೆಯ ನೆತ್ತಿ ಮುಟ್ಟುವಷ್ಟು ಹೋಯಿತು. ಎಲ್ಲರ ಮೈಯೂ ಬೆವರಿತ್ತು, ಎಲ್ಲರ ಮುಖವೂ ಅರಳಿತ್ತು.

"ಇಲ್ಲಿ ನೋಡು," ಎಂದ ಅವನು, ಕ್ಯಾಮೆರಾದ ಹಿಂದಿನಿಂದ.

ಅವಳು ನೋಡಿದಳು. ಬೆವರಿಗೆ ಕೂದಲು ಹಣೆಗೆ ಅಂಟಿಕೊಂಡಿತ್ತು. ಅದನ್ನು ಸರಿಮಾಡಿಕೊಳ್ಳಲಿಕ್ಕೆ ಒಂದು ಕೈ ಬಿಟ್ಟಳು.

ಅಷ್ಟೇ.

ತೊಲೆ ಬಾಗಿಲಿನ ಕಲ್ಲಿನ ಮೇಲೆ ಬಿದ್ದಿತು. ಯಾರಿಗೂ ತಗುಲಲಿಲ್ಲ. ದೂಳು ಇಳಿದ ಮೇಲೆ ಹತ್ತಿರ ಹೋಗಿ ನೋಡಿದರು. ತೊಲೆಯ ನಡುವಿನಲ್ಲಿ ಒಂದು ಬಿರುಕು. ಒಂದು ಮಗ್ಗುಲಿನಿಂದ ಹೊರಟು ಹೊಟ್ಟೆಯ ತನಕ ಬಂದಿತ್ತು. ಅವಳು ಅದರೊಳಗೆ ಉಗುರು ಇಟ್ಟಳು. ಉಗುರು ಹೋಯಿತು. ಬೆರಳು ಇಟ್ಟಳು. ಬೆರಳೂ ಹೋಯಿತು.

"ಬರೀ ಗೀಟು," ಎಂದ ಡಾಕ್ಟರ ಮಗ. "ಹಳೇ ಮರ ಅಂದ ಮೇಲೆ ಗೀಟು ಇರೋದೇ. ಮೊದಲೇ ಇತ್ತೋ ಏನೋ."

"ಮೊದಲು ಇರಲಿಲ್ಲ."

"ನೀನು ನೋಡಿದ್ಯಾ?"

ಅವಳು ನೋಡಿರಲಿಲ್ಲ. ತೊಲೆಯನ್ನು ಅವಳು ನೋಡಿದ್ದು ಯಾವಾಗ?

"ಈಗ ಹೋಗಿ ಹೇಳಿದರೆ ಏನಾಗುತ್ತೆ? ಆ ಅಜ್ಜಿ ಮನೆ ಕೆಡವಿ ಕೊಟ್ಟಿದ್ದಾಳೆ. ಇನ್ನೊಂದು ತೊಲೆ ಎಲ್ಲಿಂದ ತರ್ತೀಯ? ಯಾರ ಕೈ ಜಾರಿತು ಅಂತ ಕೇಳ್ತಾರೆ. ಹೇಳಲಾ?"

ಅವಳು ಅವನ ಮುಖ ನೋಡಿದಳು. ಅವನು ಹೇಳಿಯಾನು ಎಂದು ಮೊದಲ ಸಲ ಅವಳಿಗೆ ಅನ್ನಿಸಿತು. ಮೋಹ ಇಳಿಯಲಿಕ್ಕೆ ಅದೇ ಸಾಕಿತ್ತು, ಆದರೆ ಮೋಹ ಇಳಿದ ಜಾಗದಲ್ಲಿ ಭಯ ಬಂದು ಕೂತಿತು.

ಒಬ್ಬರ ಕೈಯ ಮೇಲೆ ಒಬ್ಬರು ಕೈಯಿಟ್ಟು ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದರು. ಜೇಡಿಮಣ್ಣಿಗೆ ಒಲೆಯ ಮಸಿ ಬೆರೆಸಿದರು. ಮುದುಕಿಯ ಮನೆಯ ಹೊಗೆ ಕುಡಿದ ಮರ, ಮಸಿಯ ಬಣ್ಣ ಹೊಂದಿಕೊಂಡಿತು. ಬಿರುಕಿಗೆ ಅದನ್ನು ತುಂಬಿದವಳು ವ್ಯಾಪಾರಿಯ ಮಗಳೇ. ಅವಳ ಬೆರಳು ಸಣ್ಣ. ಆಮೇಲೆ ಬಿರುಕಿನ ಮಗ್ಗುಲನ್ನು ಮೇಲೆ ಮಾಡಿ ತೊಲೆಯನ್ನು ಮತ್ತೆ ಎತ್ತಿದರು. ಈ ಸಲ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತೊಲೆ ಒಂದೇ ಏಟಿಗೆ ಹೋಗಿ ಗೋಡೆಯ ಮೇಲೆ ಕೂತಿತು.

ಊರವರು ಬಂದು ನೋಡಿ ಬೆರಗಾದರು. ಇಷ್ಟು ಎಳೆಯ ಕೈಗಳು ಇಷ್ಟು ದೊಡ್ಡ ತೊಲೆಯನ್ನು ಏರಿಸಿದವಲ್ಲ ಎಂದು ಹೊಗಳಿದರು. ಮುದುಕಿ ವ್ಯಾಪಾರಿಯ ಮಗಳ ಕೈಗಳನ್ನು ತೆಗೆದುಕೊಂಡು ತನ್ನ ಕಣ್ಣಿಗೆ ಒತ್ತಿಕೊಂಡಳು. ಉಗುರಿನ ಸಂದಿಯಲ್ಲಿ ಮಸಿ ಇತ್ತು. ಮುದುಕಿ ಅದನ್ನು ದುಡಿಮೆಯ ಕೊಳೆ ಎಂದುಕೊಂಡಳು.

ಆ ಸೀಮೆಯಲ್ಲಿ ಹೆಂಚಿಲ್ಲ. ತೊಲೆಯ ಮೇಲೆ ಕೋಲು, ಕೋಲಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಮಣ್ಣು. ಮಣ್ಣು ಹಾಕಿದ ಮೇಲೆ ಊರಿಗೆ ಊರೇ ಚಾವಣಿ ಹತ್ತಿ ತುಳಿಯುತ್ತದೆ. ಡೋಲು ಬಡಿಯುತ್ತಾರೆ, ಹಾಡುತ್ತಾರೆ, ಕುಣಿಯುತ್ತಾರೆ, ಮಣ್ಣು ಕಲ್ಲಾಗುವ ತನಕ ಇಳಿಯುವುದಿಲ್ಲ. ಎಲ್ಲ ಸಿದ್ಧವಾದ ದಿನ ಮೇಷ್ಟರು ವಿದ್ಯಾರ್ಥಿಗಳನ್ನು ಕರೆದು ಇನ್ನೊಂದು ಪದ್ಧತಿಯನ್ನು ತಿಳಿಸಿದರು.

"ಚಾವಣಿ ತುಳಿಯುವಾಗ, ತೊಲೆ ಏರಿಸಿದವರಲ್ಲಿ ಒಬ್ಬರು ಅದರ ಕೆಳಗೆ ಕೂರಬೇಕು. ಒಂಟಿಯಾಗಿ ಅಲ್ಲ, ತಮ್ಮ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು. ನಮ್ಮ ಅಜ್ಜಂದಿರ ಕಾಲದಿಂದ ಹೀಗೆ. ನಮ್ಮಲ್ಲಿ ಕೆಟ್ಟ ತೊಲೆಯನ್ನು ಯಾರೂ ಇಡುವುದಿಲ್ಲ." ಮೇಷ್ಟರು ನಕ್ಕರು. "ಇದು ಮರ್ಯಾದೆಯ ಜಾಗ. ನಿಮ್ಮಲ್ಲಿ ಯಾರು ಕೂರುತ್ತೀರಿ?"

ಯಾರೂ ಮಾತಾಡಲಿಲ್ಲ. ಊರವರು ಅದನ್ನು ವಿನಯ ಎಂದುಕೊಂಡರು.

ಆಗ ಮಾತಾಡಿದವನು ಡಾಕ್ಟರ ಮಗ. "ಇವಳೇ ಸರ್. ಹಗ್ಗದ ತುದಿ ಹಿಡಿದವಳು ಇವಳೇ. ಮರ್ಯಾದೆ ಇವಳಿಗೇ ಸಲ್ಲಬೇಕು."

ನೋಡಿದೆಯಾ ಪ್ರೀತಿಯನ್ನು? ನೀರು ಹೊರುವ ಹೆಂಗಸರೂ ನೋಡಿದರು. ಯಾಕೋ ಅವರು ಆ ದಿನ ನಗಲಿಲ್ಲ.

ಅವಳನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಹೊಸ ನೆಲದ ನಡುವೆ ಚಾಪೆ ಹಾಸಿ ಕೂರಿಸಿದರು. ಮಗು ಎಲ್ಲಿ ಎಂದು ಯಾರೋ ಕೇಳಿದರು. ಇವಳಿಗೆ ಇನ್ನೂ ಮದುವೆಯಾಗಿಲ್ಲ, ಇವಳ ಕಡೆಯವರೆಲ್ಲ ಸಮುದ್ರದ ಆಚೆ ಇದ್ದಾರೆ ಎಂದು ಮೇಷ್ಟರು ಹೇಳಿದರು. ಹೆಂಗಸರು ಅಯ್ಯೋ ಎಂದು ಮರುಗಿದರು. ಒಬ್ಬ ತಾಯಿ ಮುಂದೆ ಬಂದಳು. ಕಂಕುಳಲ್ಲಿದ್ದ ಹೆಣ್ಣುಮಗುವನ್ನು ಇಳಿಸಿ ವ್ಯಾಪಾರಿಯ ಮಗಳ ಮಡಿಲಲ್ಲಿ ಕೂರಿಸಿದಳು.

"ಇವತ್ತಿಗೆ ಇದು ನಿನ್ನ ಮಗಳು ಅನ್ನುತ್ತಿದ್ದಾಳೆ," ಎಂದರು ಮೇಷ್ಟರು.

ಮಗುವಿನ ಬಾಯಲ್ಲಿ ಹುರಿದ ಜೋಳ ಇತ್ತು. ಅಗಿಯುತ್ತ ಇವಳ ಮುಖ ನೋಡಿತು. ಹೊಸಬಳು ಎಂದು ಅಳಲಿಲ್ಲ. ಇವಳ ಕಿವಿಯ ಓಲೆಯನ್ನು ಹಿಡಿದು ಎಳೆಯಿತು.

ಮೇಲೆ ಹೆಜ್ಜೆಗಳು ಕೇಳಿಸಿದವು. ಒಬ್ಬೊಬ್ಬರೇ ಹತ್ತುತ್ತಿದ್ದರು. ಗಂಡಸರು ಹತ್ತಿದರು, ಹೆಂಗಸರು ಹತ್ತಿದರು. ಡೋಲಿನವನು ಹತ್ತಿದ. ಚಾವಣಿಯಿಂದ ಹಿಟ್ಟಿನಂಥ ಮಣ್ಣು ಉದುರಿ ಮಗುವಿನ ಕೂದಲ ಮೇಲೆ ಬಿದ್ದಿತು. ವ್ಯಾಪಾರಿಯ ಮಗಳು ತಲೆ ಎತ್ತಿದಳು. ತನ್ನ ಬೆರಳು ಹೋಗಿದ್ದ ಜಾಗ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅದು ಸರಿಯಾಗಿ ನೆತ್ತಿಯ ಮೇಲಿತ್ತು. ಬಿರುಕಿನ ತುದಿ ಪಕ್ಕಕ್ಕೆ ಇಳಿದ ಕಡೆ, ಮಸಿ ಬೆರೆಸಿದ ಮಣ್ಣು ಒಣಗಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು.

ಅವಳು ಬಾಗಿಲಿನ ಕಡೆ ನೋಡಿದಳು. ಡಾಕ್ಟರ ಮಗ ಹೊಸಿಲಿನ ಹೊರಗೆ, ಗೋಡೆಯಿಂದ ದೂರ ನಿಂತು ಫೋಟೋ ತೆಗೆಯುತ್ತಿದ್ದ. ಉಳಿದ ವಿದ್ಯಾರ್ಥಿಗಳು ಅವನಿಗಿಂತ ದೂರ ನಿಂತಿದ್ದರು.

ಈಗ ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಡೋಲು ನಿಲ್ಲುತ್ತದೆ, ಎಲ್ಲರೂ ಇಳಿದು ಬರುತ್ತಾರೆ. ಮುದುಕಿ ಬರುತ್ತಾಳೆ. ಈ ಕೈಗಳನ್ನೇ ಕಣ್ಣಿಗೆ ಒತ್ತಿಕೊಂಡವಳು ಬಂದು ಮುಂದೆ ನಿಲ್ಲುತ್ತಾಳೆ. ಕೂದಲು ಸರಿಮಾಡಿಕೊಳ್ಳಲಿಕ್ಕೆ ಹೋಗಿ ನಿನ್ನ ಮನೆ ಮುರಿದೆ ಎಂದು ಯಾವ ಬಾಯಿಂದ ಹೇಳುವುದು? ಕಾಲೇಜಿಗೆ ಸುದ್ದಿ ಹೋಗುತ್ತದೆ. ಅಪ್ಪನ ಅಂಗಡಿಗೆ ಹೋಗುತ್ತದೆ. ಯಾರನ್ನು ನೋಡುತ್ತಿದ್ದೆ ಎಂದು ಕೇಳುತ್ತಾರೆ.

ಚಾವಣಿಯಿಂದ ಮತ್ತೆ ಮಣ್ಣು ಉದುರಿತು. ಮಗು ಸೀನಿತು.

"ಮೇಷ್ಟರೇ," ಎಂದು ಅವಳು ಕೂಗಿದಳು. "ಮಗುವನ್ನು ಕರಕೊಂಡು ಹೋಗಿ. ನನಗೆ ಜ್ವರ ಬಂದ ಹಾಗಿದೆ. ಮಗುವಿಗೆ ತಗುಲೀತು."

ತಾಯಿ ಓಡಿ ಬಂದು ಅವಳ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗೆ ಇತ್ತು. ತಾಯಿ ಮೇಷ್ಟರ ಕಡೆ ತಿರುಗಿ ಏನೋ ಹೇಳಿದಳು.

"ಜ್ವರ ಇಲ್ಲವಂತಲ್ಲಮ್ಮ? ತನ್ನ ಮಗು ನಿನಗೆ ಹಿಡಿಸಲಿಲ್ಲವೇ ಅಂತ ಕೇಳುತ್ತಿದ್ದಾಳೆ."

"ಹಾಗಲ್ಲ, ಹಾಗಲ್ಲ. ಕರಕೊಂಡು ಹೋಗಲಿ."

ಮೇಷ್ಟರು ಅವಳ ಮುಖವನ್ನು ನೋಡಿದರು. ಆಮೇಲೆ ತೊಲೆಯನ್ನು ನೋಡಿದರು. ಕೆಳಗಿನಿಂದ ಅದು ಕಪ್ಪಗೆ, ನೆಟ್ಟಗೆ, ಗಟ್ಟಿಯಾಗಿ ಕಂಡಿತು.

"ಏನಾದರೂ ಇದ್ದರೆ ಹೇಳಮ್ಮ. ಇನ್ನೂ ತುಳಿಯಲು ಶುರುಮಾಡಿಲ್ಲ."

ಅಯ್ಯೋ, ಇದಕ್ಕಿಂತ ದೊಡ್ಡ ಬಾಗಿಲನ್ನು ಯಾರಿಗೆ ಯಾರು ತೆರೆದು ಕೊಡುತ್ತಾರೆ?

"ಏನೂ ಇಲ್ಲ," ಎಂದಳು ವ್ಯಾಪಾರಿಯ ಮಗಳು.

ತಾಯಿ ಮಗುವನ್ನು ಎತ್ತಿಕೊಂಡು ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದಳು. ಆದರೆ ತೊಲೆಯ ಕೆಳಗೆ ಒಬ್ಬರೇ ಕೂರುವ ಹಾಗಿಲ್ಲ. ಏನು ಮಾಡುವುದು ಎಂದು ಹೊರಗೆ ಗುಜುಗುಜು ನಡೆಯಿತು. ಅಷ್ಟರಲ್ಲಿ ತೊಲೆ ಕೊಟ್ಟ ಮುದುಕಿಯೇ ಹೊಸಿಲು ದಾಟಿ ಬಂದಳು. ಮಂಡಿ ಹಿಡಿದುಕೊಂಡು ಚಾಪೆಯ ಮೇಲೆ ಕೂತಳು. ಇವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ತೊಲೆಯ ಕಡೆ ಬೆರಳು ತೋರಿಸಿ ಏನೋ ಹೇಳಿದಳು.

"ನನ್ನ ಮನೆಯ ಮರ ಅದು, ಹೆದರಬೇಡ ಅನ್ನುತ್ತಿದ್ದಾಳೆ," ಎಂದು ಮೇಷ್ಟರು ಹೇಳಿ ತಾವೂ ಮೇಲೆ ಹತ್ತಿದರು.

ವ್ಯಾಪಾರಿಯ ಮಗಳು ಆಗಲೂ ಹೇಳಲಿಲ್ಲ. ಮಗುವನ್ನು ಹೊರಗೆ ಕಳಿಸಬೇಕು ಅನ್ನಿಸಿತ್ತು. ಮುದುಕಿಯ ವಿಷಯದಲ್ಲಿ ಹಾಗೆ ಅನ್ನಿಸಲಿಲ್ಲ. ಹೇಗೂ ವಯಸ್ಸಾದವಳು ಎಂಬ ಮಾತು ಅವಳ ಮನಸ್ಸಿನಲ್ಲಿ ಬಂದು ಹೋಯಿತು. ತನ್ನ ಮನಸ್ಸಿನಲ್ಲಿ ಅದು ಬಂದದ್ದನ್ನು ಅವಳು ಕಂಡಳು. ಆ ಹೊತ್ತಿನ ತನಕ ಅವಳಿಗೆ ತೊಲೆಯ ಭಯ ಇತ್ತು. ಆಮೇಲೆ ತನ್ನದೇ ಭಯ ಶುರುವಾಯಿತು.

ಡೋಲು ಬಡಿಯಿತು. ಊರು ತುಳಿಯಿತು. ಗೋಡೆ ಅದುರಿತು. ಮುದುಕಿ ತಾಳಕ್ಕೆ ತಲೆದೂಗುತ್ತ ಇವಳ ಕೈಯನ್ನು ತಟ್ಟುತ್ತಿದ್ದಳು. ಒಂದು ಸಲ ತೊಲೆ ಲಟ್ ಎಂದಿತು. ವ್ಯಾಪಾರಿಯ ಮಗಳು ಕಣ್ಣು ಮುಚ್ಚಿ ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡಳು. ಮುದುಕಿಯ ತಲೆಯ ಮೇಲಲ್ಲ, ತನ್ನ ತಲೆಯ ಮೇಲೆ. ಮೇಲಿದ್ದವರು ತೊಲೆ ತನ್ನ ಜಾಗದಲ್ಲಿ ಕೂತಿತು ಎಂದು ಕೂಗಿ ಇನ್ನೂ ಜೋರಾಗಿ ಕುಣಿದರು.

ಚಾವಣಿ ನಿಂತಿತು.

ಎಲ್ಲರೂ ಇಳಿದು ಬಂದು ಅವಳನ್ನು ತಬ್ಬಿಕೊಂಡರು. ಅವಳು ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ಮೇಷ್ಟರು ಊರಿಗೆಲ್ಲ ಹೇಳಿದರು. ಅದೇ ನೆಲದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಮೊದಲ ಪಾಠ ಮಾಡಿದರು. ಜೋಳ ತಿನ್ನುತ್ತಿದ್ದ ಮಗುವನ್ನೂ ತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅದನ್ನು ಹೊರಗೆ ಕಳಿಸಲು ವ್ಯಾಪಾರಿಯ ಮಗಳ ಹತ್ತಿರ ಇನ್ನೊಂದು ನೆಪ ಇರಲಿಲ್ಲ.

ವಿದ್ಯಾರ್ಥಿಗಳು ತಮ್ಮ ಊರಿಗೆ ತಿರುಗಿ ಬಂದರು. ಕಾಲೇಜಿನಲ್ಲಿ ಶಾಲು ಹೊದಿಸಿದರು. ಅವಳು ಹಗ್ಗ ಹಿಡಿದು ನಗುತ್ತಿರುವ ಫೋಟೋವನ್ನು ದೊಡ್ಡದು ಮಾಡಿ ಬಾಗಿಲಿನಲ್ಲೇ ತೂಗುಹಾಕಿದರು. ಒಂದು ಕೈ ಹಗ್ಗದಲ್ಲಿ, ಒಂದು ಕೈ ಕೂದಲಲ್ಲಿ. ಹೋಗುವವರು ಬರುವವರು ಎಷ್ಟು ಚೆಂದ ಬಂದಿದೆ ಎಂದರು. ಡಾಕ್ಟರ ಮಗ ಬೇರೆ ಕಡೆ ಒಳ್ಳೆಯ ಸಂಬಂಧ ನೋಡಿ ಮದುವೆಯಾದ. ಇವಳಿಗೂ ಕರೆಯೋಲೆ ಕಳಿಸಿದ ಮಾರಾಯ! ಇವಳು ಹೋಗಲಿಲ್ಲ. ಜನ ಅದಕ್ಕೆ ಬೇರೆಯೇ ಕಾರಣ ಕಟ್ಟಿಕೊಂಡು ಬಾಯಿ ಚಪ್ಪರಿಸಿದರು. ಇವಳು ಅದನ್ನೂ ತಿದ್ದಲಿಲ್ಲ.

ಮೇಷ್ಟರು ಆಗಾಗ ಫೋನಿಗೆ ಮಕ್ಕಳ ಫೋಟೋ ಕಳಿಸುತ್ತಿದ್ದರು. ಇವಳು ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವಳು. ಮಕ್ಕಳ ಮುಖ ಕಾಣುವುದು, ಹಲ್ಲು ಕಾಣುವುದು, ಹಲಗೆಯ ಮೇಲೆ ಬರೆದ ಅಕ್ಷರ ಕಾಣುವುದು. ತೊಲೆ ಮಾತ್ರ ಫೋಟೋದ ಒಳಗೆ ಬರುತ್ತಿರಲಿಲ್ಲ. ತೊಲೆಯ ಫೋಟೋ ಯಾರು ತೆಗೆಯುತ್ತಾರೆ? "ಆ ತೊಲೆಯಲ್ಲಿ" ಎಂದು ಬೆರಳಿನಿಂದ ಬರೆಯುವಳು, ಅಳಿಸುವಳು. ಮತ್ತೆ ಬರೆಯುವಳು. ಕೊನೆಗೆ "ಮಕ್ಕಳು ಹೇಗಿದ್ದಾರೆ?" ಎಂದು ಕಳಿಸುವಳು.

"ಎಲ್ಲರೂ ಚೆನ್ನಾಗಿದ್ದಾರೆ," ಎಂದು ಮೇಷ್ಟರು ಉತ್ತರ ಕಳಿಸುವರು. "ಈ ವರ್ಷ ಮಳೆ ಬರುವ ಮೊದಲು ಚಾವಣಿಗೆ ಇನ್ನೊಂದು ಪದರ ಮಣ್ಣು ಹಾಕಿದೆವು. ಊರೆಲ್ಲ ಸೇರಿ ತುಳಿದೆವು. ನಿನ್ನನ್ನು ನೆನೆಸಿಕೊಂಡೆವು."

ಪ್ರತಿ ವರ್ಷವೂ ಒಂದು ಪದರ. ಅಲ್ಲಿಯ ಪದ್ಧತಿ ಅದು.

ಅವಳಿಗೆ ಮದುವೆಯಾಯಿತು. ಮಕ್ಕಳಾದವು. ತನ್ನ ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ ಬಾಗಿಲಿನಲ್ಲಿ ನಿಂತು ಮೇಲೆ ನೋಡುವಳು. ಕಾಂಕ್ರೀಟಿನ ತಾರಸಿ. ಆದರೂ ನೋಡುವಳು. ಬೇರೆ ತಾಯಂದಿರು ಇವಳಿಗೇನೋ ತಲೆ ಸರಿಯಿಲ್ಲ ಎಂದು ಪಿಸುಗುಟ್ಟುವರು. ಎಲ್ಲಾದರೂ ಡೋಲು ಕೇಳಿದರೆ ಇವಳ ಕೈ ತಾನಾಗಿ ತಲೆಯ ಮೇಲೆ ಹೋಗುವುದು. ಗಂಡ ಏನಾಯಿತು ಎಂದು ಕೇಳಿದರೆ, ಏನೂ ಇಲ್ಲ ಎನ್ನುವಳು.

ಅವ್ವನವರು ಕತೆಯನ್ನು ಇಲ್ಲಿಗೆ ನಿಲ್ಲಿಸಿ ಮೊರವನ್ನು ಮತ್ತೆ ಎಳೆದುಕೊಂಡರು.

ಸಂಗನಬಸ ಸ್ವಲ್ಪ ಹೊತ್ತು ಕಾದ. ಮುಂದೇನೂ ಬರಲಿಲ್ಲ. ಅವನು ಮೊರದ ಹತ್ತಿರಕ್ಕೆ ಸರಿದ.

"ಆಮೇಲೆ ಆ ಚಾವಣಿ ಬಿತ್ತೇ, ಅವ್ವ?"

ಅವ್ವನವರು ಅಂಗಳದ ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡಿದರು.

"ಇದುವರೆಗೂ ಇಲ್ಲ, ಅಲ್ಲಿ ಈಗ ಪಾಠದ ಹೊತ್ತು."